ಸ್ಪ್ರಿಂಗು ಕೂರುವ ಎತ್ತರ

ನಮ್ಮ ಮನೆಗೆ ಮೊದಲ ಸಲ ಬಂದವರು ಅಡುಗೆಮನೆಯತ್ತ ಇಣುಕಿದರೆ ಒಂದು ಪ್ರಶ್ನೆ ಕೇಳದೆ ಹೋಗುವುದಿಲ್ಲ. ಚಮಚ, ಸೌಟು, ಲಟ್ಟಣಿಗೆಗಳನ್ನು ನಿಲ್ಲಿಸಿದ ಸ್ಟೀಲ್ ಡಬ್ಬಿಯೊಳಗೆ ಒಂದು ವರ್ನಿಯರ್ ಕ್ಯಾಲಿಪರ್ ಕೂಡ ನಿಂತಿರುತ್ತದೆ. ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಗೋಲಿಯ ದಪ್ಪ ಅಳೆಯಿರಿ ಎಂದು ಕೈಗೆ ಕೊಟ್ಟು, ನಾವು ಅಳೆಯುವ ಮೊದಲೇ ಕಸಿದುಕೊಳ್ಳುತ್ತಿದ್ದರಲ್ಲ, ಅದೇ ಎರಡು ದವಡೆಯ ಉಕ್ಕಿನ ಅಳತೆಗೋಲು. "ಇದೇನ್ರೀ ಸರ, ಅಡಿಗಿಮನ್ಯಾಗ?" ಎನ್ನುತ್ತಾರೆ. "ನಮ್ಮನ್ಯಾಗ ಚಪಾತಿ ದಪ್ಪ ಅಳದು ಬಡಸ್ತಾರ್ರಿ" ಎನ್ನುತ್ತೇನೆ. ಬಂದವರು ನಗುತ್ತಾರೆ. ನನ್ನ ಹೆಂಡತಿ ಸುನಂದಾ ಮಾತ್ರ ನಗುವುದಿಲ್ಲ. ಆ ಮಾತನ್ನು ಆಕೆ ಬಹಳ ಸಲ ಕೇಳಿದ್ದಾಳೆ.

ಅದು ಅಲ್ಲಿಗೆ ಹೇಗೆ ಬಂತೆಂದು ನಿಮಗೆ ಹೇಳಬೇಕು. ಆದರೆ ಅದಕ್ಕೂ ಮೊದಲು ನನ್ನ ಕೈಗಳ ವಿಷಯ ಹೇಳಿಬಿಡುತ್ತೇನೆ. ಇಲ್ಲವಾದರೆ ಮುಂದಿನ ಕತೆಯಲ್ಲಿ ನಾನೇನೋ ಮಾಡಿದೆನೆಂದು ನೀವು ತಪ್ಪು ತಿಳಿಯುವ ಸಂಭವವಿದೆ.

ನಾನು ಬಾಗಲಕೋಟೆಯ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದೆ, ಈಗ ನಿವೃತ್ತ. ಹುಟ್ಟಿ ಬೆಳೆದದ್ದು ಬಾದಾಮಿಯಲ್ಲಿ. ಅಲ್ಲಿಯ ಕೆಂಪು ಬಂಡೆಗಳನ್ನು ನನ್ನಷ್ಟು ಸಲ ಬಿಡಿಸಿದವರು ಈ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ. ಆದರೆ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲು ಇಂದಿಗೂ ಹೆಂಡತಿಯನ್ನೇ ಕರೆಯುತ್ತೇನೆ. ಚಿಕ್ಕವನಿದ್ದಾಗ ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಅಪ್ಪನ ಅಲಾರಾಂ ಗಡಿಯಾರವನ್ನು ಬಿಚ್ಚಿದೆ. ಒಳಗಿದ್ದ ಸ್ಪ್ರಿಂಗು ಹಾವಿನಂತೆ ಚಿಮ್ಮಿ, ಅವ್ವ ಕಡೆದಿಟ್ಟಿದ್ದ ಮಜ್ಜಿಗೆಯ ಗಡಿಗೆಯೊಳಗೆ ಬಿತ್ತು. ಗಾಬರಿಯಲ್ಲಿ ಕೈಗೆ ಸಿಕ್ಕ ತಿರುಪುಗಳನ್ನೆಲ್ಲ ಬಾಚಿ ಒಂದೆಡೆ ಹಾಕಿದೆ. ಅಪ್ಪ ಎಲ್ಲವನ್ನೂ ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡು ಗಡಿಯಾರ ರಿಪೇರಿಯವನ ಹತ್ತಿರ ಒಯ್ದರು. ಅವನು ಗಂಟು ಬಿಚ್ಚಿ ನೋಡಿ, "ಸರ, ಇದರಾಗ ಹೊಲಿಗಿ ಮಷೀನಿನ ಸಾಮಾನೂ ಅದಾವಲ್ರೀ" ಎಂದನಂತೆ. ಅವತ್ತಿನಿಂದ ನಾನು ಸ್ಪ್ರಿಂಗುಗಳ ತಂಟೆಗೆ ಹೋದವನಲ್ಲ.

ಅಂಥವನಿಗೆ ಹೆಣ್ಣು ಸಿಕ್ಕಿದ್ದು ಸ್ಪ್ರಿಂಗುಗಳ ಮನೆಯಲ್ಲಿಯೇ. ಹುನಗುಂದದಿಂದ ಇಳಕಲ್ಲಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ನನ್ನ ಮಾವ ಭದ್ರಪ್ಪನವರ ಗ್ಯಾರೇಜು. ಸುತ್ತಲ ಊರುಗಳಲ್ಲಿ ಅವರು ಭದ್ರಪ್ಪ ಮಿಸ್ತ್ರಿ. ಹೆಣ್ಣು ನೋಡಲು ನಾವು ನನ್ನ ಸೋದರಮಾವನ ಹಳೆಯ ಕಾರಿನಲ್ಲಿ ಹೋಗಿದ್ದೆವು. ಹುಡುಗಿ ಅವಲಕ್ಕಿ ತಂದಿಟ್ಟು ತಲೆತಗ್ಗಿಸಿ ಕುಳಿತಳು. ಕಸೂತಿ ಬರುತ್ತದೆ, ಹಾಡು ಬರುತ್ತದೆ ಎಂದು ಅವಳ ತಾಯಿ ಹೇಳುತ್ತಿದ್ದರು. ನನ್ನ ಕಣ್ಣು ಅವಳ ಉಗುರುಗಳ ಮೇಲಿತ್ತು. ಎಷ್ಟು ತಿಕ್ಕಿ ತೊಳೆದರೂ ಹೋಗದ ಒಂದು ಕಪ್ಪು ಅಂಚು ಅಲ್ಲಿತ್ತು. ಇದ್ದಿಲಿನಲ್ಲಿ ಚಿತ್ರ ಬಿಡಿಸುವ ನನ್ನ ಉಗುರಿನಲ್ಲೂ ಅದೇ ಅಂಚು. ಇವಳೂ ಚಿತ್ರ ಬಿಡಿಸುತ್ತಾಳೇನೋ ಎಂದು ನನಗೆ ಭಾರಿ ಸಂತೋಷವಾಯಿತು.

ಹೊರಟು ನಿಂತಾಗ ಕಾರು ಚಾಲೂ ಆಗಲಿಲ್ಲ. ಮಾವನವರು ಅಂಗಳಕ್ಕೆ ಬಂದು ಬಾನೆಟ್ ಎತ್ತುವಷ್ಟರಲ್ಲಿ ಬಾಗಿಲ ಮರೆಯಿಂದ ಒಂದು ದನಿ ಬಂತು: "ಅಪ್ಪಾ, ಪಾಯಿಂಟ್ ಒರಸು. ಅವ್ರು ಬಂದಾಗನ ಗಾಡಿ ಮಿಸ್ ಹೊಡಿಯಾಕತ್ತಿತ್ತು."

ಅವಳ ತಾಯಿ ತಲೆಯ ಮೇಲೆ ಕೈಹೊತ್ತರು. ಮಾವನವರು ಎಂಜಿನ್ನಿಗೆ ಕಿಡಿ ಕೊಡುವ ಆ ಪಾಯಿಂಟ್ ಒರೆಸಿದರು, ಕಾರು ಚಾಲೂ ಆಯಿತು. ದಾರಿಯಲ್ಲಿ ನನ್ನ ಅವ್ವ ಕಮತಗಿ ಬರುವ ತನಕ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು, "ಹುಡುಗಿ ಪಾಡ ಅದಾಳ. ನಿನ್ನಂಥವಗ ಇಂಥಾಕಿನ ಬೇಕು" ಎಂದಳು.

ಮದುವೆಯಾದ ಮೇಲೆ ಸುನಂದಾ ತನ್ನ ಬಾಲ್ಯದ ಕತೆಯನ್ನು ತುಣುಕು ತುಣುಕಾಗಿ ಹೇಳಿದಳು. ಸಾಲೆಯಿಂದ ಬಂದವಳೇ ಪಾಟಿಚೀಲ ಎಸೆದು ಗ್ಯಾರೇಜಿಗೆ ಓಡುತ್ತಿದ್ದಳಂತೆ. ಅವಳ ಪಾಲಿನ ಕೆಲಸ ವಾಲ್ವು ತಿಕ್ಕುವುದು. ಎಂಜಿನ್ನಿನ ವಾಲ್ವೆಂದರೆ ಉದ್ದ ಕಾಲಿನ ಅಣಬೆಯಂಥ ಒಂದು ಉಕ್ಕಿನ ಮುಚ್ಚಳ. ಅದರ ತಲೆಗೆ ಒಂದು ಕೋಲು ಅಂಟಿಸಿ, ಸಾಣೆಯ ಪೇಸ್ಟು ಹಚ್ಚಿ, ಎರಡೂ ಅಂಗೈಗಳ ನಡುವೆ ಕೋಲನ್ನು ಮಜ್ಜಿಗೆ ಕಡೆಯುವಂತೆ ತಿರುಗಿಸಬೇಕು. ಆಗ ಮುಚ್ಚಳ ತನ್ನ ಪೀಠದ ಮೇಲೆ ಗಾಳಿಯಾಡದಂತೆ ಕೂರುತ್ತದೆ. ಆ ಪೇಸ್ಟಿನ ವಾಸನೆ, ಸರ್ ಸರ್ ಎನ್ನುವ ಸದ್ದು, ಸೀಮೆಎಣ್ಣೆಯಲ್ಲಿ ತೊಳೆದ ಕೈ ತಣ್ಣಗಾಗುವುದು, ಇವನ್ನು ಹೇಳುವಾಗ ಅವಳ ಮುಖದಲ್ಲಿ ಬರುವ ಕಳೆ ತವರಿನ ಹೋಳಿಗೆಯ ಮಾತಿಗೂ ಬರುವುದಿಲ್ಲ.

ಅವಳು ದೊಡ್ಡವಳಾದಾಗ ಅವಳ ಅವ್ವ, ಅಂದರೆ ನನ್ನ ಅತ್ತೆ ಗಂಗವ್ವ, "ಇನ್ನ ಗ್ಯಾರೇಜಿನ ಕಡೆ ಹೋಗಬ್ಯಾಡ" ಎಂದರಂತೆ. "ಅಪ್ಪ ಏನಂದ್ರು?" ಎಂದು ಕೇಳಿದ್ದೆ. "ಏನೂ ಅನಲಿಲ್ಲ. ಮರುದಿನ ನಾ ಹೋಗಿ ನಿಂತೆ. ದಿನಾ ನನ್ನ ಕಡೆ ಕೈ ಚಾಚಿ ಸ್ಪ್ಯಾನರ್ ಕೇಳಾಂವ, ಅವತ್ತ ತಾನ ಎದ್ದು ತಗೊಂಡ. ನಾ ಮನಿಗೆ ಬಂದೆ." ಇಷ್ಟನ್ನು ಹೇಳಿ ಅವಳು ಬೇರೆ ಮಾತಿಗೆ ಹೋದಳು. ಮದುವೆಯ ಹೊತ್ತಿಗೆ ಉಗುರಿನಲ್ಲಿದ್ದ ಕಪ್ಪು, ಅಪ್ಪ ಊರಲ್ಲಿಲ್ಲದಾಗ ಕದ್ದು ಮಾಡಿದ ಕೆಲಸದ್ದು.

ಈಗ ಆ ಗ್ಯಾರೇಜಿಲ್ಲ. ಮಾವನವರಿಗೆ ವಯಸ್ಸಾಗಿ ಕೈ ನಡುಗಲು ಶುರುವಾದ ಮೇಲೆ ಷಟರ್ ಎಳೆದರು. ಖಾಲಿ ಷೆಡ್ಡನ್ನು ಅತ್ತೆ ಬಿಡಲಿಲ್ಲ. ಓಣಿಯ ಹೆಂಗಸರ ಸಂಘ ಕಟ್ಟಿಕೊಂಡು ರೊಟ್ಟಿ ಕೇಂದ್ರ ಮಾಡಿದರು. ಮೊದಲು ಸುತ್ತಿಗೆ ಬಡಿಯುತ್ತಿದ್ದ ಜಾಗದಲ್ಲಿ ಈಗ ಬೆಳಗಿನಿಂದ ರೊಟ್ಟಿ ಬಡಿಯುವ ಸದ್ದು. ಮಾವನವರು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅವರ ಪಕ್ಕದಲ್ಲಿ ಅವರ ಜೀಪು.

ಆ ಜೀಪನ್ನು ಒಂದು ಕಾಲದಲ್ಲಿ ಅವರೇ ಕೂಡಿಸಿದ್ದು. ಯಾವುದೋ ಜೀಪಿನ ಮೈ, ಯಾವುದೋ ಹಳೆಯ ಕಾರಿನ ಪೆಟ್ರೋಲ್ ಎಂಜಿನ್. ಹೊಲದಲ್ಲಿ ಕೆಟ್ಟು ನಿಂತ ಪಂಪುಗಳನ್ನು, ರಸ್ತೆಯಲ್ಲಿ ನಿಂತ ಲಾರಿಗಳನ್ನು ನೋಡಲು ಅದರಲ್ಲೇ ಹೋಗುತ್ತಿದ್ದರು. ಕಳೆದ ವರ್ಷ ಅದು ಕುಂಟಲು ಶುರುಮಾಡಿತು, ಕೊನೆಗೆ ನಿಂತೇಬಿಟ್ಟಿತು. ಹೀಗಿರುವಾಗ ಒಂದು ಭಾನುವಾರ ನಾವು ಹುನಗುಂದಕ್ಕೆ ಹೋದಾಗ ಮರದ ಕೆಳಗೆ ಇನ್ನೊಂದು ಕುರ್ಚಿಯಲ್ಲಿ ಮಲ್ಲನಗೌಡ ಕುಳಿತಿದ್ದ. ಹೆದ್ದಾರಿಯಲ್ಲಿ ಹೊಸ ಧಾಬಾ ತೆಗೆದವನು, ಮನುಷ್ಯ ನಗುಮುಖದವನು.

"ಕಾಕಾರ ಜೀಪು ಕೊಡ್ತೀನಂದಾರಿ ಅಕ್ಕಾರ" ಎಂದು ಸುನಂದಾಳಿಗೆ ಹೇಳಿದ. "ಧಾಬಾದ ಮುಂದ ಕಟ್ಟಿ ಕಟ್ಟಸೀನಿ. ಅದರ ಮ್ಯಾಲೆ ನಿಲ್ಲಸೂದು, ಕೆಂಪು ಬಣ್ಣ ಹೊಡಸೂದು. ಎಂಜಿನ್ ತಗದು ಬಾನೆಟ್ಟಿನಾಗ ಮಣ್ಣ ತುಂಬಿ ಹೂವಿನ ಗಿಡ ಹಚ್ಚೂದು. ಮಂದಿ ಬಂದು ಫೋಟೋ ಹೊಡ್ಕೊಂತಾರ."

ಸುನಂದಾ ಅಪ್ಪನ ಮುಖ ನೋಡಿದಳು. "ಅಪ್ಪಾ, ಖರೇನ?"

"ನಾ ಏನ್ ಮಾಡ್ಲಿ?" ಎಂದರು ಮಾವನವರು, ನೆಲ ನೋಡುತ್ತ. "ಕ್ಯಾಮ್ ಶಾಫ್ಟ್ ಸವದೈತಿ. ಬಿಚ್ಚಾಕ ಕೈ ಕೇಳೂದಿಲ್ಲ. ತುಕ್ಕು ಹಿಡಿಯೂದಕ್ಕಿಂತ ನಾಕ ಮಂದಿ ನೋಡೂವಂಗರ ಇರ್ಲಿ."

"ಎಂಜಿನ್ ತಗದ ಹೂವು ಹಚ್ಚತಾರಂತ! ನೀ ಕೂಡಿಸಿದ ಎಂಜಿನ್ನು!" ಸುನಂದಾಳ ದನಿ ಏರಿತು. ರೊಟ್ಟಿ ಬಡಿಯುವ ಸದ್ದು ಒಮ್ಮೆಲೇ ನಿಂತಿತು. "ಗೌಡ್ರ, ಈ ಬರೂ ಹಬ್ಬ ಮುಗಿಯೂತನಕ ತಡೀರಿ. ಅಷ್ಟರಾಗ ಜೀಪು ನಡೀಲಿಲ್ಲಂದ್ರ ಒಯ್ಯಿರಿ."

"ಯಾರ್ ನಡಸಾವ್ರು?" ಎಂದು ಮಾವನವರು ಕೇಳಿದರು.

"ನಾನು."

ಮಾವನವರು ಪೇಪರ್ ಬಿಡಿಸಿಕೊಂಡರು. ಮಲ್ಲನಗೌಡ ಚಹಾ ಮುಗಿಸಿ ಎದ್ದ.

ಕ್ಯಾಮ್ ಶಾಫ್ಟ್ ಎಂದರೇನೆಂದು ನನಗೆ ಆ ಸಂಜೆ ಬಸ್ಸಿನಲ್ಲಿ ಪಾಠವಾಯಿತು. ಎಂಜಿನ್ನಿನ ಹೊಟ್ಟೆಯೊಳಗೆ ಮಲಗಿರುವ ಒಂದು ಉದ್ದ ದಂಡ. ಅದರ ಮೈಮೇಲೆ ಅಲ್ಲಲ್ಲಿ ಮೂಗುಗಳು. ದಂಡ ತಿರುಗಿದಂತೆ ಒಂದೊಂದು ಮೂಗು ಒಂದೊಂದು ವಾಲ್ವನ್ನು ನೂಕಿ ತೆರೆಯುತ್ತದೆ. ತೆರೆದದ್ದನ್ನು ಮುಚ್ಚುವುದು ವಾಲ್ವಿನ ಸ್ಪ್ರಿಂಗಿನ ಕೆಲಸ. ನಮ್ಮ ಜೀಪಿನ ದಂಡದಲ್ಲಿ ಒಂದು ಮೂಗು ಸವೆದು ಚಪ್ಪಟೆಯಾಗಿತ್ತು. "ತಿಳೀತಿಲ್ರಿ?" ಎಂದು ಸುನಂದಾ ಕೇಳಿದಳು. ತಿಳಿಯಿತು ಎಂದೆ. ಮುಂದಿನ ಸೀಟಿನ ಮುದುಕ ಹಿಂತಿರುಗಿ, "ನನಗೂ ತಿಳೀತು ಬಿಡ್ರಿ" ಎಂದ.

ಬದಲಿ ದಂಡ ಇಳಕಲ್ಲಿನ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಸಿಕ್ಕಿತು. ಅದೇ ಎಂಜಿನ್ನಿನ ಇನ್ನೊಂದು ನಮೂನೆಯದು. ಮೂಗುಗಳು ತುಸು ಎತ್ತರ. ಸುನಂದಾ ಅದನ್ನು ಅಂಗಡಿಯವನ ಕೈಯಿಂದ ಇಸಿದುಕೊಂಡು, ಬೆಳಕಿಗೆ ಹಿಡಿದು, ಮದುವೆಗೆ ಸೀರೆ ಆರಿಸುವ ಹೆಂಗಸಿನಂತೆ ಒಂದೊಂದು ಮೂಗನ್ನೂ ಬೆರಳಿನಿಂದ ಸವರಿ ನೋಡಿದಳು. ಅದಕ್ಕೆ ಮೊದಲು ಅದೇ ಪೇಟೆಯಲ್ಲಿ ನಾವು ನಿಜವಾಗಿಯೂ ಒಂದು ಸೀರೆ ಕೊಂಡಿದ್ದೆವು. ಸೀರೆಗೆ ಅಷ್ಟು ಹೊತ್ತು ಹಿಡಿದಿರಲಿಲ್ಲ.

ರೇಡಿಯೇಟರ್ ಇಳಿಸಿ, ಮುಂಭಾಗ ಬಿಚ್ಚಿ, ಹಳೆಯ ದಂಡ ಎಳೆದು ಹೊಸತನ್ನು ತೂರಿಸುವ ಕೆಲಸವನ್ನು ಸುನಂದಾ ಬೇವಿನ ಮರದ ಕೆಳಗೇ ಮಾಡಿದಳು. ಬಿಚ್ಚಿದ ಸಾಮಾನುಗಳ ಚಿತ್ರ ಬಿಡಿಸಿಡುವ ಹೊಣೆ ನನ್ನದು. ಚಿತ್ರಗಳು ಚೆನ್ನಾಗಿಯೇ ಬಂದವು; ಯಾವುದು ಯಾವುದೆಂದು ಗುರುತಿಸುವುದಷ್ಟೇ ಕಷ್ಟವಾಯಿತು. "ಭಾಳ ಚಂದ ನೆರಳು ಕೊಟ್ಟೀರಿ, ಬೋಲ್ಟ್ ಎಲ್ಲಿದಂತ ಬರದಿಲ್ಲಲ್ರೀ" ಎಂದು ಸುನಂದಾ ಹೇಳಿದ್ದನ್ನು ನಾನು ಹೊಗಳಿಕೆಯೆಂದೇ ತೆಗೆದುಕೊಂಡೆ. ಮಾವನವರು ಕುರ್ಚಿಯನ್ನು ಬೇರೆ ಕಡೆ ಮುಖ ಮಾಡಿಕೊಂಡು ಪೇಪರ್ ಓದುತ್ತಿದ್ದರು. ಪುಟ ಮಾತ್ರ ತಿರುಗುತ್ತಿರಲಿಲ್ಲ. ಒಮ್ಮೆ ಸುನಂದಾ, "ಸ್ಪ್ರಿಂಗ್ ಒಮ್ಮಿ ನೋಡೂದೇನಪಾ?" ಎಂದು ಕೇಳಿದಳು. "ಏನಾಗೈತಿ ಅವಕ್ಕ? ಹಂಗ ಇರ್ಲಿ ಬಿಡು" ಎಂದರು ಪೇಪರಿನೊಳಗಿಂದ.

ಎಂಜಿನ್ ಚಾಲೂ ಆಯಿತು. ರೊಟ್ಟಿ ಕೇಂದ್ರದ ಹೆಂಗಸರು ಹಿಟ್ಟಿನ ಕೈಯಲ್ಲೇ ಚಪ್ಪಾಳೆ ತಟ್ಟಿದರು. ಸುನಂದಾ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಳಕಲ್ಲಿನ ದಿಕ್ಕಿಗೆ ಹೊರಟಳು. ನಿಧಾನಕ್ಕೆ ಹೋಗುವಾಗ ಜೀಪು ಸೊಗಸಾಗಿ ಓಡಿತು. ಹೆದ್ದಾರಿಗೆ ಬಂದು ವೇಗ ಹೆಚ್ಚಿಸಿದ್ದೇ ತಡ, ಉಸಿರುಗಟ್ಟಿದಂತೆ ಕೆಮ್ಮಿ, ಪಟಪಟ ಸಿಡಿದು, ಜಗ್ಗಲೊಲ್ಲದೆ ಹೋಯಿತು. ಆಕ್ಸಿಲರೇಟರ್ ಬಿಟ್ಟರೆ ಮತ್ತೆ ಶಾಂತ. ಒತ್ತಿದರೆ ಮತ್ತೆ ಕೆಮ್ಮು. ಇದೆಲ್ಲ ನಡೆದದ್ದು ಸರಿಯಾಗಿ ಮಲ್ಲನಗೌಡನ ಧಾಬಾದ ಮುಂದೆ. ಇಳಕಲ್ಲಿನ ಕೆಂಪು ಕಲ್ಲಿನಲ್ಲಿ ಕಟ್ಟೆ ಆಗಲೇ ಸಿದ್ಧವಾಗಿತ್ತು. ಗೌಡ ಹೊರಗೆ ಬಂದು ನಕ್ಕ.

"ಇಲ್ಲೇ ಬಿಟ್ಟು ಹೋಗ್ರೀ ಅಕ್ಕಾರ. ಹೆಂಗಿದ್ರೂ ಇಲ್ಲಿಗೇ ಬರೂದೈತಲ್ಲ."

ಅವನು ಕೊಟ್ಟ ಚಹಾವನ್ನು ನಾನು ಕುಡಿದೆ. ಸುನಂದಾ ಕುಡಿಯಲಿಲ್ಲ. ಹಿಂದಿರುಗುವಾಗ ಎತ್ತಿನ ಗಾಡಿಗಿಂತ ತುಸು ಜೋರಾಗಿ ಬಂದೆವು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ನಾನು ರಸ್ತೆಯ ಪಕ್ಕದ ಸೂರ್ಯಕಾಂತಿಯ ಹೊಲಗಳನ್ನು ನೋಡುತ್ತಿರುವಂತೆ ನಟಿಸಿದೆ.

"ಬಿಡವಾ" ಎಂದರು ಮಾವನವರು, ಜೀಪಿನ ಸದ್ದು ಕೇಳಿಯೇ. "ಅದು ಸತ್ತೈತಿ. ನೀ ಮಾಡಿದ್ದು ಸಾಕು."

"ಸತ್ತಿಲ್ಲ" ಎಂದಳು ಸುನಂದಾ. "ಜೋರ್ ಓಡುವಾಗ ವಾಲ್ವ್ ಟೈಮಿಗೆ ಮುಚ್ಚವಲ್ವು. ಸ್ಪ್ರಿಂಗ್ ಸಡ್ಲ ಕುಂತಾವು."

"ಸ್ಪ್ರಿಂಗ್ ಗಟ್ಟಿ ಅದಾವು."

"ಸ್ಪ್ರಿಂಗ್ ಗಟ್ಟಿನ ಅದಾವಪಾ. ವಾಲ್ವಿನ ಪೀಠ ಇಳದೈತಿ. ಎಷ್ಟ ವರ್ಷ ತಿಕ್ಕೇವಿ ನಾವು, ನೀನೂ ನಾನೂ."

"ನಾವು" ಎಂದಳು. ಮಾವನವರು ಪೇಪರ್ ಮಡಚಿದರು. ಕುರ್ಚಿಯನ್ನು ಎತ್ತಿ ಜೀಪಿನ ಕಡೆಗೆ ತಿರುಗಿಸಿಟ್ಟುಕೊಂಡು ಕುಳಿತರು.

ಲೆಕ್ಕ ಇಷ್ಟೇ. ಪ್ರತಿ ಸಲ ತಿಕ್ಕಿದಾಗಲೂ ಪೀಠ ಕೂದಲೆಳೆಯಷ್ಟು ಸವೆಯುತ್ತದೆ. ವಾಲ್ವು ಅಷ್ಟು ಒಳಕ್ಕೆ ಸರಿಯುತ್ತದೆ. ಅದರ ಬಾಲ ಇನ್ನೊಂದು ಕಡೆ ಅಷ್ಟೇ ಹೊರಗೆ ಬರುತ್ತದೆ. ಬಾಲದ ತುದಿಗೆ ಒಂದು ಟೋಪಿ. ಸ್ಪ್ರಿಂಗು ನಿಂತಿರುವುದು ಆ ಟೋಪಿಗೂ ಕೆಳಗಿನ ಹೆಡ್ಡಿಗೂ, ಅಂದರೆ ಎಂಜಿನ್ನಿನ ತಲೆಭಾಗಕ್ಕೂ, ನಡುವೆ. ಟೋಪಿ ಮೇಲೆ ಹೋದಷ್ಟೂ ಸ್ಪ್ರಿಂಗು ಕಾಲು ಚಾಚಿ ಆರಾಮವಾಗುತ್ತದೆ. ಹಳೆಯ ದಂಡದ ಗಿಡ್ಡ ಮೂಗುಗಳಿಗೆ ಆ ಆರಾಮದ ಸ್ಪ್ರಿಂಗು ಸಾಕಾಗಿತ್ತು, ಹೊಸ ದಂಡಕ್ಕೆ ಸಾಲದು. ಸ್ಪ್ರಿಂಗಿನ ಅಡಿಗೆ ತೆಳುವಾದ ವಾಷರ್ ಇಟ್ಟು ಎತ್ತರ ಸರಿಮಾಡಬೇಕು. ಹಾಗೆಂದು ಹೆಚ್ಚು ಇಟ್ಟರೆ, ವಾಲ್ವು ಪೂರ್ತಿ ತೆರೆದಾಗ ಸ್ಪ್ರಿಂಗಿನ ಸುರುಳಿಗಳು ಒಂದರ ಮೇಲೊಂದು ಕೂಡಿ ಗಟ್ಟಿ ಕಬ್ಬಿಣವಾಗಿಬಿಡುತ್ತವೆ. ಆಗ ಏನಾದರೊಂದು ಮುರಿಯುತ್ತದೆ. ಒಂದೊಂದು ವಾಲ್ವಿನ ಸವೆತವೂ ಬೇರೆ. ಹೀಗಾಗಿ ಎಂಜಿನ್ನಿನ ಎಂಟೂ ವಾಲ್ವುಗಳಿಗೆ ಬೇರೆ ಬೇರೆ ಅಳತೆ. ವರ್ನಿಯರ್ ನಮ್ಮ ಮನೆಗೆ ಬಂದದ್ದು ಆ ವಾರ. ಕೈಗೆ ಸಿಗುವಂತಿರಲಿ ಎಂದು ಸುನಂದಾ ಅದನ್ನು ಚಮಚದ ಡಬ್ಬಿಯಲ್ಲಿ ನಿಲ್ಲಿಸಿದಳು, ಆಮೇಲೂ ಅದು ಅಲ್ಲೇ ಉಳಿಯಿತು.

ಎಂಜಿನ್ನಿನ ಹೆಡ್ಡನ್ನು ಇಳಿಸಿ ಅಂಗಳದಲ್ಲಿದ್ದ ಪಾಲಿಶ್ ಮಾಡಿದ ಕಲ್ಲಿನ ಚಪ್ಪಡಿಯ ಮೇಲೆ ಇಟ್ಟೆವು. ಸ್ಪ್ರಿಂಗುಗಳನ್ನು ಅದುಮಿ, ಟೋಪಿಯನ್ನು ಹಿಡಿದಿಡುವ ಜೋಳದ ಕಾಳಿನಷ್ಟು ಸಣ್ಣ ಲಾಕುಗಳನ್ನು ತೆಗೆಯಬೇಕು. ಎರಡನೆಯ ಸ್ಪ್ರಿಂಗಿಗೇ ಒಂದು ಲಾಕು ಟಣ್ಣೆಂದು ಹಾರಿತು. ಹಾರಿದ ದಿಕ್ಕಿನಲ್ಲಿ ರೊಟ್ಟಿಯ ಬುಟ್ಟಿಗಳಿದ್ದವು.

"ಯಾರರ ಹಲ್ಲು ಮುರದ್ರ ಸಂಘದ ಹೆಸರು ಹೊಕ್ಕೈತಿ!" ಎಂದು ಅತ್ತೆ ಕೆಲಸ ನಿಲ್ಲಿಸಿದರು. ಹೆಂಗಸರೆಲ್ಲ ಒಂದೊಂದು ರೊಟ್ಟಿಯನ್ನೂ ಬೆಳಕಿಗೆ ಹಿಡಿದು ನೋಡಿದರು. ನಾನು ನೆಲದ ಮೇಲೆ ಮೊಣಕಾಲೂರಿ ಕಣ್ಣು ಕಿರಿದುಮಾಡಿ ಹುಡುಕಿದೆ. ಸರಿಯಾಗಿ ಕಾಣಲೆಂದು ಕನ್ನಡಕಕ್ಕಾಗಿ ಅಂಗಿಯ ಜೇಬಿಗೆ ಕೈ ಹಾಕಿದಾಗ ಲಾಕು ಅದರೊಳಗೇ ಸಿಕ್ಕಿತು. ಇಡೀ ಕೆಲಸದಲ್ಲಿ ನಾನು ಒಬ್ಬನೇ ಸಾಧಿಸಿದ್ದು ಅದೊಂದೇ.

ಅಳತೆ ಶುರುವಾಯಿತು. ವಾಲ್ವು ಜಾರದಂತೆ ನಾನು ಕೆಳಗಿನಿಂದ ಒತ್ತಿ ಹಿಡಿಯಬೇಕು. ಸುನಂದಾ ಸ್ಪ್ರಿಂಗಿಲ್ಲದೆ ಬರೀ ಟೋಪಿಯನ್ನೂ ಲಾಕುಗಳನ್ನೂ ಕೂಡಿಸಿ, ಟೋಪಿಯನ್ನು ಮೇಲಕ್ಕೆ ಜಗ್ಗಿ, ಹೆಡ್ಡಿನಲ್ಲಿ ಸ್ಪ್ರಿಂಗು ಕೂರುವ ಜಾಗದಿಂದ ಅದರ ಅಡಿಯವರೆಗೆ ವರ್ನಿಯರ್ ಹಿಡಿಯುತ್ತಾಳೆ. ಉಸಿರು ಹಿಡಿದು ಗೆರೆ ಓದುತ್ತಾಳೆ. ಹೆಡ್ಡಿನ ಮೇಲೆ ಸೀಮೆಸುಣ್ಣದಲ್ಲಿ ಅಂಕಿ ಬರೆಯುತ್ತಾಳೆ. ಮತ್ತೊಮ್ಮೆ ಅಳೆಯುತ್ತಾಳೆ. ನನಗೆ ಅವಳನ್ನು ಆ ಭಂಗಿಯಲ್ಲಿ ಚಿತ್ರಿಸಬೇಕೆನಿಸಿತು. ಎರಡೂ ಕೈ ವಾಲ್ವಿನ ಕೆಳಗಿದ್ದವು.

ಸ್ಪ್ರಿಂಗು ಎಷ್ಟು ಎತ್ತರಕ್ಕೆ ಎಷ್ಟು ಬಲ ಕೊಡುತ್ತದೆಂದು ನೋಡಲು ಒಂದು ತಕ್ಕಡಿ ಬೇಕಿತ್ತು. ಜೋಳದ ಹಿಟ್ಟು ತೂಗುವ ತಕ್ಕಡಿಯೊಂದೇ ಆ ಮನೆಯಲ್ಲಿದ್ದುದು. ಸುನಂದಾ ಕೇಳಲು ಹಿಂಜರಿದಳು. ಅತ್ತೆಯೇ ಅದನ್ನು ಎತ್ತಿಕೊಂಡು ಬಂದರು, ಮೇಲೊಂದು ಹಳೆಯ ಸೀರೆಯ ತುಂಡು ಹಾಸಿದರು. "ಎಣ್ಣಿ ಹತ್ತೀತು ಹುಷಾರ್" ಎಂದರು. ಮತ್ತೆ, ಯಾರಿಗೆಂದು ಹೇಳದೆ, "ನಾ ಆಗ ಬ್ಯಾಡಂದಿದ್ದು ಮಂದಿಗೆ ಅಂಜಿ. ಈಗ ಅಂಜೂವಂಥ ಮಂದಿ ಯಾರೂ ಉಳದಿಲ್ಲ" ಎಂದು ಗೊಣಗಿ ಒಳಗೆ ಹೋದರು. ಹಳೆಯ ಡ್ರಿಲ್ಲಿಂಗ್ ಸ್ಟ್ಯಾಂಡಿನ ಅಡಿಗೆ ತಕ್ಕಡಿ, ತಕ್ಕಡಿಯ ಮೇಲೆ ಸ್ಪ್ರಿಂಗು. ಹಿಡಿಕೆ ಜಗ್ಗಿ ಸ್ಪ್ರಿಂಗನ್ನು ಬೇಕಾದ ಎತ್ತರಕ್ಕೆ ಅದುಮಿದರೆ ತಕ್ಕಡಿಯಲ್ಲಿ ತೂಕ ಮೂಡುತ್ತಿತ್ತು. ಹೆಂಗಸರು ಸುತ್ತುವರಿದು ನಿಂತು ಫೋನಿನಲ್ಲಿ ವಿಡಿಯೋ ಮಾಡಿಕೊಂಡರು.

ವಾಷರುಗಳು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬಂದವು. ಎಂಟೂ ಸ್ಪ್ರಿಂಗುಗಳ ಅಡಿಗೆ ಅವನ್ನಿಟ್ಟು, ಹೆಡ್ಡನ್ನು ಮತ್ತೆ ಎಂಜಿನ್ನಿನ ಮೇಲೆ ಕೂಡಿಸಿದಾಗ ಮಧ್ಯಾಹ್ನವಾಗಿತ್ತು. ಸುನಂದಾ ಮೇಲಿನ ಮುಚ್ಚಳ ಹಾಕಲು ಎತ್ತಿಕೊಂಡಳು.

"ತಡಿ" ಎಂದರು ಮಾವನವರು.

ಅವರು ಕುರ್ಚಿಯಿಂದ ಎದ್ದು ಬಂದು ಜೀಪಿನ ಮುಂದೆ ನಿಂತರು. "ಅಳಿಯಾರ, ಹ್ಯಾಂಡಲ್ ಹಚ್ಚಿ ಹಗೂರ ತಿರಗಸ್ರಿ. ನಿಲ್ಲಂದಲ್ಲಿ ನಿಲ್ಲಬೇಕು." ಪ್ಲಗ್ಗುಗಳನ್ನು ಬಿಚ್ಚಿದ್ದರಿಂದ ಎಂಜಿನ್ ನನ್ನಂಥವನ ಕೈಗೂ ತಿರುಗಿತು. ಒಂದೊಂದು ವಾಲ್ವು ಪೂರ್ತಿ ತೆರೆದಾಗ ಮಾವನವರು ಆ ಸ್ಪ್ರಿಂಗಿನ ಸುರುಳಿಗಳ ನಡುವೆ ಉಗುರು ತೂರಿಸಿ ನೋಡಬೇಕೆಂದು ಬಾಗಿದರು. ಕೈ ನಡುಗಿತು. ಬೆರಳು ಸ್ಪ್ರಿಂಗಿನ ಅತ್ತ ಒಮ್ಮೆ ಹೋಯಿತು, ಇತ್ತ ಒಮ್ಮೆ ಹೋಯಿತು. ಅವರು ಕೈ ಹಿಂದಕ್ಕೆ ತೆಗೆದುಕೊಂಡು ಪಂಚೆಗೆ ಒರೆಸಿಕೊಂಡರು. ಒರೆಸುವಂಥದ್ದು ಏನೂ ಇರಲಿಲ್ಲ.

ಸುನಂದಾ ಮುಚ್ಚಳವನ್ನು ಕೆಳಗಿಟ್ಟಳು. ಅಪ್ಪನ ಮಣಿಕಟ್ಟನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಸ್ಪ್ರಿಂಗಿನ ಹತ್ತಿರ ಒಯ್ದಳು. ನಡುಕ ನಿಂತಿತು. ಉಗುರು ಸುರುಳಿಗಳ ನಡುವೆ ಸಲೀಸಾಗಿ ಹೋಯಿತು. "ಹ್ಞಾಂ. ಇದು ಪಾಡ ಐತಿ. ತಿರಗಸ್ರಿ." ಹೀಗೆ ಒಂದಾದ ಮೇಲೊಂದು. ನಾನು ತಿರುಗಿಸುವುದು, ಅವಳು ಕೈ ಹಿಡಿಯುವುದು, ಅವರು ಕಣ್ಣು ಮುಚ್ಚಿ ಉಗುರಿನಿಂದ ನೋಡುವುದು. ಷೆಡ್ಡಿನಲ್ಲಿ ಯಾರೂ ರೊಟ್ಟಿ ಬಡಿಯುತ್ತಿರಲಿಲ್ಲ.

"ನಿಲ್ಲಸ್ರಿ!"

ನಾನು ನಿಲ್ಲಿಸಿದೆ.

"ಕೂಡಾಕತ್ತಾವು. ಉಗುರು ಹೋಗವಲ್ದು. ಎಷ್ಟು ವಾಷರ್ ಹಾಕೀ ಇಲ್ಲಿ?"

"ಒಂದ ಹಾಕೀನಪಾ. ಅಳತಿ ಮಾಡಿನ ಹಾಕೀನಿ."

"ಬಿಚ್ಚಿ ನೋಡು."

ಸುನಂದಾ ಅದೊಂದನ್ನೇ ಬಿಚ್ಚಿದಳು. ವಾಷರನ್ನು ತೆಗೆದು ಬೆರಳುಗಳ ನಡುವೆ ಉಜ್ಜಿದಳು. ಅದು ಜಾರಿ ಎರಡಾಯಿತು. ಹೊಸ ವಾಷರುಗಳಿಗೆ ಹಚ್ಚಿದ್ದ ಎಣ್ಣೆಯಿಂದ ಎರಡು ಒಂದಕ್ಕೊಂದು ಅಂಟಿಕೊಂಡು ಒಂದೇ ಎನ್ನುವಂತೆ ಕುಳಿತಿದ್ದವು. ಹಾಗೆಯೇ ಎಂಜಿನ್ ಚಾಲೂ ಮಾಡಿದ್ದರೆ ಅಷ್ಟು ದಿನದ ಕೆಲಸ ಒಂದು ಸದ್ದಿಗೆ ಮುಗಿದುಹೋಗುತ್ತಿತ್ತು. ಅಪ್ಪ ಮಗಳು ಆ ಎರಡು ವಾಷರುಗಳನ್ನು ನೋಡಿದರು, ಒಬ್ಬರ ಮುಖ ಇನ್ನೊಬ್ಬರು ನೋಡಿದರು. ಮೊದಲು ಯಾರು ನಕ್ಕರೋ ಗೊತ್ತಿಲ್ಲ. ಮಾವನವರು ಹಾಗೆ ಹೊಟ್ಟೆ ಹಿಡಿದು ನಕ್ಕದ್ದನ್ನು ನಾನು ಅಳಿಯನಾದ ಮೇಲೆ ಮೊದಲ ಸಲ ನೋಡಿದೆ.

ಸಂಜೆಗೆ ಜೀಪು ಚಾಲೂ ಆಯಿತು. ಈ ಸಲ ಧಾಬಾದ ಮುಂದೆ ಕೆಮ್ಮಲಿಲ್ಲ. ಮಲ್ಲನಗೌಡ ಹೊರಗೆ ಬರುವಷ್ಟರಲ್ಲಿ ನಾವು ದಾಟಿ ಹೋಗಿದ್ದೆವು. ಅವನು ಬೇಸರ ಮಾಡಿಕೊಳ್ಳಲಿಲ್ಲ. ಖಾಲಿ ಕಟ್ಟೆಯ ಸುತ್ತ ಕಾಗದದ ಹೂವಿನ ಬಳ್ಳಿ ಹಚ್ಚಿದ್ದಾನೆ. ಮಂದಿ ಈಗ ಬರೀ ಕಟ್ಟೆಯ ಮೇಲೆ ನಿಂತು ಫೋಟೋ ಹೊಡೆಸಿಕೊಳ್ಳುತ್ತಾರೆ.

ಅದಾದ ಕೆಲವು ದಿನಗಳ ಮೇಲೆ ಮಾವನವರೇ, "ಬಾದಾಮಿ ತನಕ ಹೋಗಿ ಬರೂಣೇನು?" ಎಂದರು. ಬನಶಂಕರಿಯ ಹೊಂಡದ ದಂಡೆಯಲ್ಲಿ ಹೆಂಗಸರು ಬುಟ್ಟಿಯಲ್ಲಿ ತಂದು ಬಡಿಸುವ ರೊಟ್ಟಿ, ಕೆಂಪು ಚಟ್ನಿ, ಮೊಸರಿನ ಆಸೆ ಅವರಿಗೆ. "ಮನ್ಯಾಗ ಇಷ್ಟ ರೊಟ್ಟಿ ಬಿದ್ದಾವು, ರೊಟ್ಟಿ ತಿನ್ನಾಕ ಅಲ್ಲಿ ತನಕ ಹೊಂಟಾರ" ಎಂದು ಅತ್ತೆ ಬಯ್ದರು. ಆದರೂ ಬಾಟಲಿಯಲ್ಲಿ ನೀರು ತುಂಬಿಕೊಟ್ಟರು. ಸುನಂದಾ ಸ್ಟಿಯರಿಂಗ್ ಹಿಡಿದಳು, ಮಾವನವರು ಪಕ್ಕದಲ್ಲಿ, ನಾನು ಹಿಂದೆ ಹೆಚ್ಚುವರಿ ಗಾಲಿಯ ಜೊತೆಗೆ. ಕಮತಗಿಯಲ್ಲಿ ಮಿರ್ಚಿ ತಿಂದು, ಗುಳೇದಗುಡ್ಡ ದಾಟಿ, ಕೆಂಪು ಗುಡ್ಡಗಳ ನಡುವಿನ ಏರು ಬಂದಿತು. ಸುನಂದಾ ಗೇರ್ ಇಳಿಸಿ ಒತ್ತಿದಳು. ಎಂಜಿನ್ ಒಂದೇ ಸ್ವರದಲ್ಲಿ ಏರಿತು. ಮಾವನವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಏನಾದರೂ ಹೇಳುತ್ತಾರೇನೋ ಎಂದು ನಾನು ಕಾದೆ. ಏರು ಮುಗಿದ ಮೇಲೆ ಕಣ್ಣು ತೆರೆದು, "ಮಿರ್ಚಿಗೆ ಉಪ್ಪು ಕಮ್ಮಿ ಇತ್ತು" ಎಂದರು.

ಮುಂದಿನ ಇಳಿಜಾರಿನ ತಿರುವಿನಲ್ಲಿ ಉಳ್ಳಾಗಡ್ಡಿ ಚೀಲ ಹೇರಿದ ಒಂದು ಟೆಂಪೋ ನಿಂತಿತ್ತು. ಬಾನೆಟ್ ಎತ್ತಿಟ್ಟು, ಚೀಲಗಳ ಒಡೆಯನೂ ಡ್ರೈವರನೂ ರಸ್ತೆಯ ಬದಿ ಕುಳಿತಿದ್ದರು. ಜೀಪು ಕಂಡದ್ದೇ ಒಡೆಯ ಎದ್ದು ಎರಡೂ ಕೈ ಬೀಸಿದ. ವಯಸ್ಸಾದವನು. ಹತ್ತಿರ ಬಂದು ಕೈ ಮುಗಿದ.

"ಭದ್ರಪ್ಪ ಮಿಸ್ತ್ರಿ ಅಲ್ಲೇನ್ರೀ? ಜೀಪು ನೋಡೇ ಗುರ್ತ ಹಿಡದೆ. ದೇವರು ಕಳಿಸಿದಂಗ ಬಂದ್ರಿ. ಮಧ್ಯಾಹ್ನದೊಳಗ ಮಾರ್ಕೆಟ್ ಮುಟ್ಟಬೇಕು, ಗಾಡಿ ಇಲ್ಲೇ ಕುಂತೈತಿ. ಒಂದೀಟು ಇಳದ ನೋಡ್ರಿ ಮಿಸ್ತ್ರ್ಯಾರ."

ಮಾವನವರು ಬಾಗಿಲಿಗೆ ಕೈ ಹಾಕಲಿಲ್ಲ. ಕುಳಿತಲ್ಲಿಂದಲೇ ಗಲ್ಲ ಎತ್ತಿ ಮಗಳ ಕಡೆ ತೋರಿಸಿದರು.

"ನಾ ಅಲ್ಲಪಾ. ಮಿಸ್ತ್ರಿ ಅಕಿ. ಅಕಿನ್ನ ಕೇಳು."

ಮುದುಕ ಒಮ್ಮೆ ಅವರನ್ನು ನೋಡಿದ, ಒಮ್ಮೆ ಸ್ಟಿಯರಿಂಗಿನ ಹಿಂದಿದ್ದ ಸುನಂದಾಳನ್ನು ನೋಡಿದ. ಆಮೇಲೆ ಅತ್ತ ಕಡೆಗೆ ಹೋಗಿ, ಅದೇ ಕೈಗಳನ್ನು ಅವಳಿಗೆ ಮುಗಿದು, "ನೋಡ್ರೆವಾ ಒಂದೀಟು" ಎಂದ.

ಸುನಂದಾ ಇಳಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಟೆಂಪೋದ ಬಾನೆಟ್ಟಿನೊಳಗೆ ತಲೆ ಹಾಕಿದಳು. ನಾನೂ ಹಿಂದಿನಿಂದ ಇಳಿದು, ಇಂಥ ಹೊತ್ತಿನಲ್ಲಿ ಗಂಡನಾದವನು ಹತ್ತಿರವಿರಬೇಕೆಂದು ಅವಳ ಮಗ್ಗುಲಿಗೆ ಹೋಗಿ ಬಾಗಿ ನಿಂತೆ.

ಜೀಪಿನಿಂದ ಮಾವನವರ ದನಿ ಬಂತು.

"ಅಳಿಯಾರ, ಈ ಕಡೆ ಸರೀರಿ. ಅಕಿಗೆ ಬೆಳಕು ಅಡ್ಡ ಆಗತೈತಿ."